ಕಸೂತಿಯ ಪುಟಗುರುತು: ಸೆರಗಿನಿಂದ ಪುಸ್ತಕಕ್ಕೆ

ರಾಜ್ಯೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಕದಂಬರು, ಚಾಲುಕ್ಯರು, ವಿಜಯನಗರದ ಅರಸರು ವರ್ಷವರ್ಷವೂ ದರ್ಶನ ಕೊಡುವರು. ಅದು ಯೋಗ್ಯವೇ. ಆದರೆ ಅರಸರ ಕತ್ತಿಗಿರುವಂತೆ ಹೆಣ್ಣುಮಕ್ಕಳ ಸೂಜಿಗೂ ಒಂದು ಚರಿತ್ರೆಯುಂಟು. ಅದನ್ನು ಬರೆದಿಟ್ಟವರು ಕಡಿಮೆ, ಹೊಲಿದಿಟ್ಟವರು ಹೆಚ್ಚು. ಧಾರವಾಡ, ವಿಜಾಪುರ, ಬೆಳಗಾವಿಯ ಕಡೆಯಿಂದ ಮುಂಬಯಿಗೆ ಬಂದು ನೆಲೆಸಿದ ಮನೆತನಗಳಲ್ಲಿ ಹಳೆಯ ಟ್ರಂಕು ತೆರೆದರೆ ಅಜ್ಜಿಯ ಇಳಕಲ್ ಸೀರೆಯೊಂದು ಮಡಿಕೆ ಬಿದ್ದಲ್ಲೆಲ್ಲ ಹರಿದು, ಕಸೂತಿ ಹಾಕಿದ ಸೆರಗು ಮಾತ್ರ ಉಳಿದಿರುವುದನ್ನು ಕಾಣಬಹುದು. ಅದೇ ಮನೆಯ ಕಪಾಟಿನಲ್ಲಿ ಕನ್ನಡ ಪುಸ್ತಕಗಳಿದ್ದರೆ, ಯಾವುದೋ ಒಂದರ ನಡುವೆ ಎರಡು ಅಂಗುಲ ಅಗಲದ ಬಟ್ಟೆಯ ಪಟ್ಟಿ, ಅದರ ಮೇಲೆ ಒಂದು ತುಳಸಿಕಟ್ಟೆ, ತುದಿಗೆ ಬಿಡಿಸಿದ ಎಳೆಗಳ ಕುಚ್ಚು ಸಿಕ್ಕೀತು. ಓದು ನಿಂತ ಪುಟದ ಗುರುತಿಗೆ ಇಟ್ಟದ್ದು. ಇಂಗ್ಲಿಷಿನಿಂದ ಬಂದ ಬುಕ್‌ಮಾರ್ಕ್ ಎಂಬ ಮಾತೇ ಅದಕ್ಕೆ ರೂಢಿಯಾಗಿದೆ. ನಾವು ಪುಟಗುರುತು ಎನ್ನೋಣ. ಕಸೂತಿ ಸೆರಗಿನಿಂದ ಪುಸ್ತಕಕ್ಕೆ ಬಂದ ದಾರಿ ಯಾವುದು, ಬರುವಾಗ ಅದು ಏನನ್ನು ಕಳೆದುಕೊಂಡಿತು, ಏನನ್ನು ಉಳಿಸಿಕೊಂಡಿತು ಎಂಬುದೇ ಈ ಲೇಖನದ ವಿಷಯ.

ಕಸೂತಿ ಎಂದರೆ ಕೈ ಮತ್ತು ಸೂತಿ, ಅಂದರೆ ಕೈಯಿಂದ ಮಾಡುವ ನೂಲಿನ ಕೆಲಸ ಎಂದು ಬಲ್ಲವರು ಅರ್ಥ ಹೇಳುವರು. ನೆರೆಯ ಮರಾಠಿಯವರು ಇದನ್ನು ‘ಕರ್ನಾಟಕೀ ಕಶಿದಾ’ ಎಂದು ಕರೆಯುವರು. ಕಶಿದಾ ಪಾರಸಿಯಿಂದ ಬಂದ ಶಬ್ದ; ಯಾವ ಬಗೆಯ ಹೆಣಿಗೆಗಾದರೂ ಸಲ್ಲುವಂಥದು. ಆದರೆ ಅದರ ಹಿಂದೆ ನಮ್ಮ ನಾಡಿನ ಹೆಸರನ್ನು ಅವರೇ ಸೇರಿಸಿದ್ದಾರೆ. ದಾದರಿನ ಮರಾಠಿ ಗೃಹಿಣಿಯೊಬ್ಬಳು ‘ಕರ್ನಾಟಕೀ’ ಎಂದು ಹೇಳಿ ಗೋಪುರವನ್ನೋ ತೇರನ್ನೋ ಹೊಲಿಯುತ್ತಿರುವಾಗ, ಪಕ್ಕದ ಬಿಡಾರದ ಕನ್ನಡ ಹುಡುಗಿಗೆ ಅದು ತನ್ನ ಅಜ್ಜಿಯ ಕಲೆಯೆಂದು ತಿಳಿಯದಿರುವುದು ಇದೇ ಊರಿನ ಸೋಜಿಗ.

ಈ ಕಲೆ ಚಾಲುಕ್ಯರ ಕಾಲದ್ದೆಂದು ಹೇಳುವ ವಾಡಿಕೆ ಬೆಳೆದಿದೆ. ಕಲ್ಲು ಸಾವಿರ ವರ್ಷ ನಿಂತೀತು. ನಮ್ಮ ಹವೆಯಲ್ಲಿ ಬಟ್ಟೆ ಅಷ್ಟು ಕಾಲ ನಿಲ್ಲದು. ಆದುದರಿಂದ ಅಷ್ಟು ಹಿಂದಕ್ಕೆ ಹೋಗುವ ಹಟ ನಮಗಿಲ್ಲ. ಕಸೂತಿಯ ದೊಡ್ಡತನಕ್ಕೆ ಅದರ ವಯಸ್ಸು ಸಾಕ್ಷಿಯಾಗಬೇಕಿಲ್ಲ, ಅದರ ಕಟ್ಟಳೆಯೇ ಸಾಕು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ. ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ಗಂಟು ಹಾಕುವಂತಿಲ್ಲ. ಅಡ್ಡ, ಉದ್ದ, ಓರೆ, ಈ ಮೂರು ಬಗೆಯ ಗೆರೆಗಳಲ್ಲಿಯೇ ಆನೆಯಾಗಬೇಕು, ಅಂಬಾರಿಯಾಗಬೇಕು, ನವಿಲಾಗಬೇಕು, ತೊಟ್ಟಿಲಾಗಬೇಕು.

ಹೊಲಿಗೆಗಳು ನಾಲ್ಕು. ಗವಂತಿಯಲ್ಲಿ ಗೆರೆ ಗೆರೆಯಾಗಿ ಹೋಗಿ ಅದೇ ದಾರಿಯಲ್ಲಿ ಮರಳಿ ಬರುವುದು. ಮುರ್ಗಿ ಅದೇ ಜಾತಿಯದು, ಮೆಟ್ಟಿಲು ಮೆಟ್ಟಿಲಾಗಿ ಏರುವುದು. ನೇಗಿ ಎಂಬುದು ನೇಯ್ಗೆಯ ನೆಂಟ. ದೂರದಿಂದ ನೋಡಿದರೆ ಮಗ್ಗದಲ್ಲೇ ನೇಯ್ದಂತೆ ಕಾಣುವುದು. ಮೆಂತಿ ಎಂದರೆ ಮೆಂತ್ಯದ ಕಾಳಿನಂತೆ ಒತ್ತಾಗಿ ಬೀಳುವ ಕತ್ತರಿ ಹೊಲಿಗೆ. ಇವುಗಳಲ್ಲಿ ಗವಂತಿ, ಮುರ್ಗಿ ಎರಡಕ್ಕೂ ಹಿಂಬದಿ ಎಂಬುದೇ ಇಲ್ಲ. ಬಟ್ಟೆಯ ಎರಡೂ ಕಡೆ ಒಂದೇ ರೂಪ. ನೇಗಿಯ ಹಿಂಬದಿಯಲ್ಲಿ ಚಿತ್ರ ತಿರುಗುಮುರುಗಾಗಿ, ತುಂಬಿದ್ದು ಖಾಲಿಯಾಗಿ ಖಾಲಿಯದು ತುಂಬಿ, ಕಾಣುವುದು. ಮೆಂತಿಯ ಹಿಂಬದಿಯನ್ನು ತೋರಿಸದಿರುವುದೇ ಲೇಸು. ಈ ಭೇದವನ್ನು ವಾಚಕರು ಮರೆಯಬಾರದು. ಪುಟಗುರುತಿನ ವಿಚಾರಕ್ಕೆ ಬಂದಾಗ ಇದು ಬೇಕಾಗುವುದು.

ಕಸೂತಿಯ ತವರುಮನೆ ಇಳಕಲ್ ಸೀರೆ. ಕೆಂಪು ರೇಶ್ಮೆಯ ಸೆರಗು, ಅದರಲ್ಲಿ ಬಿಳಿಯ ತೆನಿ, ಗೋಮಿ, ಚಿಕ್ಕಿಪರಾಸದಂಥ ದಡಿಗಳು, ಇವೆಲ್ಲ ಮಗ್ಗದವನ ಕೆಲಸ. ಅಲ್ಲಿಂದ ಮುಂದಿನದು ಮನೆಯ ಹೆಣ್ಣುಮಕ್ಕಳದು. ಸೆರಗಿನ ಹತ್ತಿರ ದೊಡ್ಡ ಚಿತ್ರಗಳು: ಗೋಪುರ, ತೇರು, ಪಲ್ಲಕ್ಕಿ, ಆನೆ. ಸೆರಗಿನಿಂದ ಮೈಯ ಕಡೆಗೆ ಸರಿದಂತೆ ಚಿತ್ರ ಸಣ್ಣದಾಗುತ್ತ ಹೋಗಿ ಕೊನೆಗೆ ಚಿಕ್ಕೆಗಳಂತೆ ಚದರಿ ನಿಲ್ಲುವುದು. ಮದುವೆಗೆ ಕೊಡುತ್ತಿದ್ದ ಕಪ್ಪು ಚಂದ್ರಕಳಿ ಸೀರೆಯ ಮೇಲೆ ಕೆಂಪು, ಕಿತ್ತಳೆ, ಹಸಿರು, ಬಿಳಿಯ ಎಳೆಗಳಲ್ಲಿ ಹಾಕಿದ ಕಸೂತಿಗೆ ಸರಿಮಿಗಿಲಾದುದು ಇನ್ನೊಂದಿಲ್ಲ. ಗುಳೇದಗುಡ್ಡದ ಖಣದ ಕುಪ್ಪಸಕ್ಕೂ ಕೂಸಿನ ಕುಂಚಿಗೆಗೂ ಅಷ್ಟಿಷ್ಟು ಬೀಳುತ್ತಿತ್ತು. ಹೊಲಿಯುವವರು ಮೈಮೇಲೆ ಹಾಕಿಕೊಳ್ಳುವ ಬಟ್ಟೆಗೆ ಹೊಲಿದರೇ ಹೊರತು ಗೋಡೆಗೆ ತೂಗಹಾಕಲು ಹೊಲಿಯಲಿಲ್ಲ. ಸೀರೆಯ ಸೆರಗು ಗಾಳಿಗೆ ಮಗುಚಿದರೂ ಹಿಂಬದಿ ಅಸಹ್ಯವಾಗಿ ಕಾಣಬಾರದು. ಗಂಟಿಲ್ಲದ, ಎರಡೂ ಕಡೆ ಒಂದೇ ಆದ ಹೊಲಿಗೆ ಬೆಳೆದು ಬಂದದ್ದು ಈ ಅವಶ್ಯಕತೆಯಿಂದಲೇ ಎಂದು ನಮ್ಮ ಅಭಿಪ್ರಾಯ.

ಈಗ ಮುಂಬಯಿಯ ಮಾತು. 1956ರ ಅಕ್ಟೋಬರ್ 31ರ ವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿ. ದೊಡ್ಡ ಕೋರ್ಟು ಇಲ್ಲಿತ್ತು, ಸಚಿವಾಲಯ ಇಲ್ಲಿತ್ತು. ಪರೀಕ್ಷೆಯ ಕಾಗದಗಳು ಮುಂಬಯಿ ವಿಶ್ವವಿದ್ಯಾಲಯದಿಂದ ಹೋಗುತ್ತಿದ್ದವು. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಹುಟ್ಟಿದ್ದು ಇದೇ ಮುಂಬಯಿಯಲ್ಲಿ. ಮರುವರ್ಷ ಧಾರವಾಡಕ್ಕೆ ಹೋಯಿತು. ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು, ವಿಜಾಪುರದಲ್ಲಿ ವಕೀಲರಾಗಿ ನಿಂತವರು. ಕಾರಕೂನರು, ಶಿಕ್ಷಕರು, ವಕೀಲರ ಗುಮಾಸ್ತರು, ಗಿರಣಿಯ ಕೆಲಸಗಾರರು ಹೀಗೆ ಈ ಊರಿಗೆ ಬಂದಾಗ ಅವರು ಪರನಾಡಿಗೆ ಬಂದವರಲ್ಲ, ತಮ್ಮದೇ ಪ್ರಾಂತದ ರಾಜಧಾನಿಗೆ ಬಂದವರು. ಮೈಸೂರು ಅಸೋಸಿಯೇಶನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿ ಮಾಟುಂಗಾ ಮಾಹಿಮುಗಳ ಸುತ್ತ ಕನ್ನಡಕ್ಕೆ ಒಂದು ಅಂಗಳವಾಯಿತು. 1956ರ ನವೆಂಬರ್ 1ರಂದು ಬೆಳಗಾಗುವಷ್ಟರಲ್ಲಿ ಆ ಜಿಲ್ಲೆಗಳೆಲ್ಲ ಮೈಸೂರು ರಾಜ್ಯಕ್ಕೆ ಸೇರಿದವು. ಮುಂಬಯಿಯ ಖೋಲಿಯಲ್ಲಿದ್ದ ಧಾರವಾಡದ ಗೃಹಸ್ಥ ಕೂತಲ್ಲಿ ಕೂತಂತೆಯೇ ಹೊರರಾಜ್ಯದವನಾದ. ನಾವು ಸಂತೋಷದಿಂದ ಆಚರಿಸುವ ದಿನಕ್ಕೆ ಈ ಊರಿನಲ್ಲಿ ಇಂಥದೊಂದು ಮಗ್ಗುಲೂ ಉಂಟು.

ದಕ್ಷಿಣ ಕನ್ನಡದವರ ದಾರಿ ಬೇರೆ. ಅವರು ಮದ್ರಾಸು ಪ್ರಾಂತದಿಂದ, ಬಹುಮಟ್ಟಿಗೆ ಹಡಗಿನಲ್ಲಿ, ಹೋಟೆಲು ಮುಂತಾದ ಕೆಲಸಗಳಿಗೆ ಬಂದವರು. ಕರಾವಳಿಯ ಮನೆಗಳಲ್ಲಿ ಕಸೂತಿಯ ಬಳಕೆ ಇರಲಿಲ್ಲ. ಆದುದರಿಂದ ಉಡುಪಿಯ ಕಡೆಯ ಹೆಣ್ಣುಮಗಳು ಧಾರವಾಡದ ಗವಂತಿಯನ್ನು ಮೊದಲು ಕಂಡದ್ದು ಧಾರವಾಡದಲ್ಲಲ್ಲ, ಮುಂಬಯಿಯಲ್ಲಿ, ನಮ್ಮ ಸಂಘಗಳ ಮಹಿಳಾ ವಿಭಾಗಗಳಲ್ಲಿ, ಇಲ್ಲವೇ ಚಾಳಿನ ಪಡಸಾಲೆಯಲ್ಲಿ. ಊರಿನಲ್ಲಿದ್ದಾಗ ಒಬ್ಬರನ್ನೊಬ್ಬರು ಅರಿಯದ ಕನ್ನಡಿಗರನ್ನು ಪರಊರು ಪರಿಚಯ ಮಾಡಿಸಿಕೊಡುವ ಬಗೆ ಇದು.

ಚಾಳಿನ ಒಂದೇ ಖೋಲಿಯಲ್ಲಿ ಒಂಬತ್ತು ಗಜದ ಸೀರೆಯನ್ನು ಹರವಿಕೊಂಡು ಕೂರುವುದು ಹೇಗೆ? ಧಾರವಾಡದ ಮನೆಯ ಪಡಸಾಲೆ ಇಲ್ಲ, ಮಧ್ಯಾಹ್ನದ ಬಿಸಿಲು ಬೀಳುವ ಅಂಗಳವಿಲ್ಲ. ಎಣಿಕೆಯ ಕೆಲಸಕ್ಕೆ ಬೇಕಾದ ಬೆಳಕು ಖೋಲಿಗೆ ಬರುವುದು ದಿನದ ಒಂದೆರಡು ತಾಸು. ಮೇಲಾಗಿ ಒಂಬತ್ತು ಗಜ ಹೋಗಿ ಆರು ಗಜ ಬಂತು. ಆಮೇಲೆ ನೈಲಾನ್ ಬಂತು. ನೈಲಾನಿನ ಎಳೆ ಎಣಿಸಲು ಸಿಕ್ಕುವಂಥದಲ್ಲ. ಕಸೂತಿ ಸಾಯುವುದು ಆಸಕ್ತಿ ಸತ್ತುದರಿಂದ ಎಂದು ನಮ್ಮ ಹಿರಿಯರು ಬೈಯುವುದುಂಟು. ಅರ್ಧ ನಿಜ. ಉಳಿದರ್ಧ, ಬಟ್ಟೆಯೇ ಬದಲಾಯಿತು, ಜಾಗ ಇಲ್ಲವಾಯಿತು. ಸೀರೆ ಹೋಯಿತೆಂದು ಕಸೂತಿ ಬಿಟ್ಟುಬಿಟ್ಟವರು ಬಹಳ ಜನ. ಮೇಜಿನ ಹಾಸು, ದಿಂಬಿನ ಗವಸು, ಕೈಚೀಲ, ಕೊನೆಗೆ ಪುಟಗುರುತು ಎಂದು ಸಣ್ಣ ಸಣ್ಣ ವಸ್ತುಗಳಿಗೆ ಅದನ್ನು ತಂದು ನಿಲ್ಲಿಸಿದವರು ಕೆಲವರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯ ಹೊಣೆ ಹೊತ್ತ ಕಮಲಾದೇವಿ ಚಟ್ಟೋಪಾಧ್ಯಾಯರು ಮಂಗಳೂರಿನವರೇ. ಹಳೆಯ ಕಲೆಗೆ ಹೊಸ ಬಳಕೆಯ ಸಾಮಾನು ಹುಡುಕಬೇಕೆಂಬ ವಿಚಾರ ಆ ಕಾಲದಲ್ಲಿ ದೇಶದಲ್ಲೆಲ್ಲ ಹಬ್ಬಿತು.

ಪುಟಗುರುತು ಎಂಬುದು ಮಾತ್ರ ನಮ್ಮದಲ್ಲ. ಓಲೆಗರಿಯ ಕಟ್ಟಿಗೆ ಗರಿಗಳ ತೂತಿನಲ್ಲಿ ಪೋಣಿಸಿದ ದಾರವುಂಟು, ಮೇಲೆ ಕೆಳಗೆ ಹಲಗೆಯುಂಟು, ಸುತ್ತ ಸುತ್ತಿದ ವಸ್ತ್ರವುಂಟು. ಓದಿದ ಗರಿ ದಾರದ ಮೇಲೆ ಆಚೆಗೆ ಸರಿಯುತ್ತಿತ್ತು. ಅಚ್ಚಿನ ಪುಸ್ತಕ ಬಂದ ಮೇಲೆ ನಾವು ಸಿಕ್ಕಿದ್ದನ್ನು ಇಟ್ಟೆವು: ಕಸಬರಿಗೆಯ ಕಡ್ಡಿ, ಪಂಚಾಂಗದ ಹರಿದ ಹಾಳೆ, ಮಕ್ಕಳಾದರೆ ಮರಿ ಹಾಕೀತೆಂದು ನವಿಲುಗರಿ, ಮುಂಬಯಿಗೆ ಬಂದ ಮೇಲೆ ಬೆಸ್ಟ್ ಬಸ್ಸಿನ ಟಿಕೀಟು. ಹೊಲಿದ ಪಟ್ಟಿ ಯುರೋಪಿನಿಂದ ಬಂದದ್ದು. ಅಲ್ಲಿಯ ಹೆಂಗಸರು ಹತ್ತೊಂಬತ್ತನೆಯ ಶತಮಾನದಲ್ಲಿ ತೂತುಗಳನ್ನು ಕೊರೆದ ದಪ್ಪ ಕಾಗದದ ಮೇಲೆ ಕತ್ತರಿ ಹೊಲಿಗೆ ಹಾಕಿ, ರೇಶ್ಮೆಯ ಪಟ್ಟಿಗೆ ಅಂಟಿಸಿ ಬೈಬಲಿನಲ್ಲಿ ಇಡುತ್ತಿದ್ದರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು. ಅವರ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದಿನ ಜೊತೆಗೆ ಸೂಜಿಯ ಪಾಠವೂ ನಡೆಯಿತು. ಅಜ್ಜಿಯಿಂದ ಕಲಿತ ಕಸೂತಿ, ಶಾಲೆಯಲ್ಲಿ ಕಲಿತ ಹೆಣಿಗೆ, ಎರಡೂ ಒಂದೇ ಊರಿನಲ್ಲಿ ನೆರೆಹೊರೆಯಾಗಿ ಬಾಳಿದವು.

ಇಂಗ್ಲೆಂಡಿನ ಕೋವೆಂಟ್ರಿಯ ಕಥೆಯೊಂದನ್ನು ಇಲ್ಲಿ ಹೇಳಬೇಕು. ಅದು ರೇಶ್ಮೆಯ ರಿಬ್ಬನ್ನು ನೇಯುವ ಊರು. 1860ರಲ್ಲಿ ಫ್ರಾನ್ಸಿನೊಡನೆ ವ್ಯಾಪಾರದ ಒಪ್ಪಂದವಾಗಿ ಫ್ರೆಂಚ್ ರೇಶ್ಮೆಯ ಮೇಲಿನ ಸುಂಕ ಹೋಯಿತು. ಕೋವೆಂಟ್ರಿಯ ಮಗ್ಗಗಳು ನಿಂತವು, ನೇಕಾರರು ಉಪವಾಸ ಬಿದ್ದರು. ಥಾಮಸ್ ಸ್ಟೀವನ್ಸ್ ಎಂಬ ನೇಕಾರ ಅದೇ ಮಗ್ಗದ ಮೇಲೆ 1862ರಲ್ಲಿ ಚಿತ್ರವಿರುವ ರೇಶ್ಮೆಯ ಪುಟಗುರುತುಗಳನ್ನು ನೇಯಲಾರಂಭಿಸಿದ. ಅವು ಅವನ ಹೆಸರಿನಿಂದಲೇ ದೇಶವಿದೇಶಗಳಲ್ಲಿ ಮಾರಾಟವಾದವು. ದೊಡ್ಡ ಬಟ್ಟೆಗೆ ಗಿರಾಕಿ ಇಲ್ಲದಾಗ ಕೈಯಲ್ಲಿದ್ದ ವಿದ್ಯೆ ಸಣ್ಣ ಪಟ್ಟಿಯಲ್ಲಿ ತಲೆ ಮರೆಸಿಕೊಂಡು ಬದುಕಿದ್ದು ನಮ್ಮಲ್ಲಿ ಮಾತ್ರವಲ್ಲ ಎಂದು ತೋರಿಸಲು ಇಷ್ಟು ಸಾಕು. ಭೇದವೆಂದರೆ ಅವನದು ಯಂತ್ರ, ನಮ್ಮದು ಕೈ. ಅವನದರ ಹಿಂಬದಿಯಲ್ಲಿ ಬಿಟ್ಟುಹೋದ ಎಳೆಗಳು ಜೋತಾಡುವುವು, ಗವಂತಿಯಲ್ಲಿ ಹಾಗಿಲ್ಲ.

ಪುಟಗುರುತನ್ನು ಮನುಷ್ಯ ಎರಡೂ ಕಡೆಯಿಂದ ನೋಡುತ್ತಾನೆ. ಎಡಪುಟದ ಮೇಲೆ ಬಿದ್ದಾಗ ಒಂದು ಮುಖ, ಬಲಪುಟದ ಮೇಲೆ ಬಿದ್ದಾಗ ಇನ್ನೊಂದು. ಹಿಂಬದಿಯನ್ನು ಅಡಗಿಸಲು ಅಸ್ತರು ಕೊಟ್ಟರೆ ಪಟ್ಟಿ ದಪ್ಪವಾಗುವುದು. ದಪ್ಪ ಪಟ್ಟಿ ವರ್ಷಗಟ್ಟಲೆ ಒಳಗಿದ್ದರೆ ಪುಸ್ತಕದ ಬೆನ್ನು ಬಿರಿಯುವುದು. ಆದುದರಿಂದ ಒಂದೇ ಪದರದ ಬಟ್ಟೆ, ಎರಡೂ ಕಡೆ ಒಂದೇ ರೂಪದ ಹೊಲಿಗೆ, ಗಂಟಿಲ್ಲದ ತುದಿ, ಇವೇ ಬೇಕಾದವು. ಹೊರಗಿನಿಂದ ಬಂದ ವಸ್ತುವಿಗೆ ನಮ್ಮ ಸೀರೆಯ ಹೊಲಿಗೆ ಅಳತೆ ತೆಗೆದು ಮಾಡಿಸಿದಂತೆ ಒಪ್ಪಿತು. ಯುರೋಪಿನಲ್ಲಿಯೂ ಈ ಹೊಲಿಗೆ ಇಲ್ಲದಿಲ್ಲ. ಹದಿನಾರನೆಯ ಶತಮಾನದ ಹೊಲ್ಬೈನ್ ಎಂಬ ಚಿತ್ರಕಾರ ಇಂಗ್ಲೆಂಡಿನ ದೊಡ್ಡ ಮನುಷ್ಯರ ಕೊರಳಪಟ್ಟಿ, ತೋಳಿನ ತುದಿಗಳನ್ನು ಬರೆಯುವಾಗ ಇಂಥದೇ ಹೊಲಿಗೆಯನ್ನು ಎಳೆ ಎಳೆಯಾಗಿ ತೋರಿಸಿದ್ದಾನೆ; ಅದರಿಂದ ಅವರು ಅದನ್ನು ಅವನ ಹೆಸರಿನಿಂದಲೇ ಕರೆಯುವರು. ಕೊರಳಪಟ್ಟಿಯೂ ಸೆರಗಿನಂತೆ ಎರಡೂ ಕಡೆ ಕಾಣುವ ವಸ್ತು. ಅವಶ್ಯಕತೆ ಒಂದಾದಲ್ಲಿ ಉಪಾಯವೂ ಒಂದಾಗುವುದು.

ಇನ್ನು ಮಾಡುವ ಬಗೆ. ಇಳಕಲ್ಲಿನ ಬಟ್ಟೆಯ ಮೇಲೆ ಎಣಿಸುವ ಕಣ್ಣು ಈಗಿನವರಿಗಿಲ್ಲ. ಶಾಲೆಯ ಹೊಲಿಗೆ ತರಗತಿಯಲ್ಲಿ ಬಳಸುವ, ಚೌಕ ಚೌಕವಾಗಿ ಕಾಣುವ ಮ್ಯಾಟಿ ಬಟ್ಟೆಯೇ ಆಗಬಹುದು. ಭುಲೇಶ್ವರದ ಓಣಿಗಳಲ್ಲಿ ಅದೂ ಸಿಕ್ಕುವುದು, ಆರೆಳೆಯ ಹತ್ತಿಯ ದಾರದ ಲಡಿಯೂ ಸಿಕ್ಕುವುದು. ಅಂಗುಲಕ್ಕೆ 14 ಚೌಕ ಬರುವ ಬಟ್ಟೆಯಾದರೆ 2 ಅಂಗುಲ ಅಗಲಕ್ಕೆ 28 ಚೌಕ. 6 ಅಂಗುಲ ಉದ್ದಕ್ಕೆ 84. ಮೇಲೆ ಕೆಳಗೆ ಅರ್ಧರ್ಧ ಅಂಗುಲ ಕುಚ್ಚಿಗೆ ಬಿಟ್ಟರೆ ಒಟ್ಟು 7 ಅಂಗುಲ. ಕತ್ತರಿಸುವಾಗ ಸುತ್ತಲೂ ಮುಕ್ಕಾಲು ಅಂಗುಲ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಬಟ್ಟೆಯನ್ನು ಉದ್ದಕ್ಕೂ ಅಡ್ಡಕ್ಕೂ ಮಡಚಿ ನಡುವನ್ನು ಹಿಡಿಯಬೇಕು. 28ರ ನಡು 14ನೆಯ ಮತ್ತು 15ನೆಯ ಚೌಕಗಳ ನಡುವಿನ ತೂತಿನ ಸಾಲಿಗೆ ಬೀಳುವುದರಿಂದ ತುಳಸಿಯ ಗಿಡದ ಕಾಂಡ ಒಂದೇ ಗೆರೆಯಲ್ಲಿ ಸರಿಯಾಗಿ ನಡುವೆ ನಿಲ್ಲುವುದು. ಕಟ್ಟೆಯ ಅಗಲ 24 ಚೌಕ. ಎರಡೂ ಅಂಚಿಗೆ ಎರಡೆರಡು ಚೌಕ ಉಳಿಯುವುದು.

ಆರೆಳೆಯಲ್ಲಿ ಎರಡೆಳೆ ಬಿಡಿಸಿಕೊಂಡು, ಒಂದು ಮೊಳಕ್ಕಿಂತ ಉದ್ದವಾಗದಂತೆ ಕತ್ತರಿಸಿ, ಮೊನೆ ಮೊಂಡಾದ ಸೂಜಿಗೆ ಪೋಣಿಸಬೇಕು. ಮೊನಚಾದ ಸೂಜಿ ಬಟ್ಟೆಯ ಎಳೆಯನ್ನೇ ಸೀಳುವುದು. ಕೆಂಪು ದಾರವನ್ನು ಮೊದಲು ನೀರಿನಲ್ಲಿ ನೆನೆಸಿ ಬಿಳಿಯ ಅರಿವೆಯ ಮೇಲೆ ಒತ್ತಿ ನೋಡಬೇಕು. ಬಣ್ಣ ಬಿಡುವ ದಾರ ಪುಸ್ತಕದ ಪುಟವನ್ನು ಕೆಡಿಸುವುದು. ಗಂಟು ಹಾಕದೆ ಮೂರು ಅಂಗುಲ ಬಾಲ ಬಿಟ್ಟು ಹೊಲಿಯಲಾರಂಭಿಸಬೇಕು. ಒಂದು ಚೌಕ ಮೇಲೆ, ಒಂದು ಚೌಕ ಕೆಳಗೆ, ಹೀಗೆ ಗೆರೆಯ ತುದಿಯವರೆಗೆ ಹೋಗಿ, ಅದೇ ದಾರಿಯಲ್ಲಿ ಮರಳಿದರೆ ಹೋಗುವಾಗ ಖಾಲಿ ಬಿಟ್ಟದ್ದು ಬರುವಾಗ ತುಂಬುವುದು. ದಾರಿಯಲ್ಲಿ ಕೊಂಬೆ ಬಂದರೆ ಕೊಂಬೆಯ ತುದಿಗೆ ಹೋಗಿ ಮರಳಿ ಬಂದೇ ಮುಂದಕ್ಕೆ ಹೋಗಬೇಕು. ಹೋದಷ್ಟೇ ಹೆಜ್ಜೆ ಮರಳಿ ಬಂದಿರುವುದರಿಂದ ಮೇಲುಕೆಳಗಿನ ಲೆಕ್ಕ ತಪ್ಪುವುದಿಲ್ಲ. ಕಲಿಯುವವರು ಎಡವುವುದು ಚೌಕದ ಮನೆಯಲ್ಲಿ. ನಾಲ್ಕು ಗೋಡೆ ಸುತ್ತಿ ಬಂದ ಮೇಲೆ ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹಾಕಿದರೆ ದಾರ ಇದ್ದಲ್ಲಿಯೇ ದಾರ ಬೀಳುವುದು, ಖಾಲಿ ಇದ್ದದ್ದು ಖಾಲಿಯೇ ಉಳಿಯುವುದು. ಬಂದ ದಿಕ್ಕಿಗೆ ವಿರುದ್ಧವಾಗಿ ಹಿಂದಿರುಗಬೇಕು. ಇದನ್ನು ಅಜ್ಜಿಯರು ಗಣಿತವೆಂದು ಹೇಳಲಿಲ್ಲ. ‘ಬಂದ ದಾರಿ ಹಿಡದು ಬಾ’ ಎಂದರು, ಅಷ್ಟೇ.

ತುದಿಗೆ ಬಂದ ದಾರವನ್ನು ಆಗಲೇ ಹಾಕಿದ ಹೊಲಿಗೆಯೊಳಗೆ ನಾಲ್ಕಾರು ಚೌಕ ನುಸುಳಿಸಿ ಕತ್ತರಿಸಬೇಕು. ಆರಂಭದ ಬಾಲಕ್ಕೂ ಇದೇ ಗತಿ. ಮುಗಿಸುವ ಕೆಲಸವನ್ನು ಅನೇಕರು ಅವಸರದಿಂದ ಕೆಡಿಸುವರು. ಉದ್ದದ ಅಂಚುಗಳನ್ನು ಮಡಚಿ ಹೊಲಿದರೆ ದಪ್ಪವಾಗುವುದಲ್ಲದೆ ಮಡಿಕೆ ಒಂದು ಕಡೆ ಕಾಣುವುದು. ಅದರ ಬದಲು ದರ್ಜಿಯವರು ಗುಂಡಿಯ ತೂತಿಗೆ ಹಾಕುವ ಕಾಜಾ ಹೊಲಿಗೆಯನ್ನು ಒತ್ತಾಗಿ ಹಾಕಿ, ಹೊರಗುಳಿದ ಬಟ್ಟೆಯನ್ನು ಸಣ್ಣ ಕತ್ತರಿಯಿಂದ ಹತ್ತಿರಕ್ಕೆ ಕತ್ತರಿಸುವುದು ಲೇಸು. ಮೇಲೆ ಕೆಳಗೆ ಒಂದೊಂದು ಸಾಲು ಮುರ್ಗಿ ಹಾಕಿ ತಡೆ ಮಾಡಿ, ಅದರಾಚೆಗೆ ಅಡ್ಡ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದರೆ ಕುಚ್ಚು ತಾನಾಗಿ ಬರುವುದು, ಸೀರೆಯ ಸೆರಗಿಗೆ ಬರುವಂತೆಯೇ. ಇಸ್ತ್ರಿಯನ್ನು ಎರಡು ಪದರ ಟವೆಲಿನ ನಡುವೆ ಇಟ್ಟು ಮಾಡಬೇಕು. ನೇರವಾಗಿ ಒತ್ತಿದರೆ ಹೊಲಿಗೆ ಚಪ್ಪಟೆಯಾಗುವುದು. ಪಟ್ಟಿ ನಿಗುರಿ ನಿಲ್ಲಲೆಂದು ಗಂಜಿ ಹಾಕುವ ಚಪಲ ಹುಟ್ಟೀತು. ಮುಂಬಯಿಯ ಮಳೆಗಾಲದಲ್ಲಿ ಗಂಜಿ ಹಾಕಿದ ಬಟ್ಟೆಯನ್ನು ಪುಸ್ತಕದಲ್ಲಿಡುವುದೆಂದರೆ ಪುಸ್ತಕದ ಹುಳುವಿಗೆ ಎಲೆ ಹಾಕಿ ಬಡಿಸಿದಂತೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಮರೆಯಲೂ ಬಾರದು. ಜೂನಿನಲ್ಲಿ ಚುಚ್ಚಿಟ್ಟರೆ ಆಗಸ್ಟಿಗೆ ತುಕ್ಕಿನ ಕಲೆ ಸಿದ್ಧ.

ಇಷ್ಟು ಕೆಲಸಕ್ಕೆ ಹಲವು ಸಂಜೆಗಳು ಬೇಕು. ಆದರೆ ಆ ಸಂಜೆಗಳು ಮನೆಯಲ್ಲಿಯೇ ಆಗಬೇಕೆಂದಿಲ್ಲ. ಸೀರೆಯನ್ನು ಲೋಕಲ್ ಗಾಡಿಯಲ್ಲಿ ಹೊಲಿಯಲಾಗದು, ಪುಟಗುರುತನ್ನು ಹೊಲಿಯಬಹುದು. ಡೊಂಬಿವಿಲಿಯಿಂದ ಬೋರಿಬಂದರಿನವರೆಗೆ ಹೆಂಗಸರ ಡಬ್ಬಿಯಲ್ಲಿ ಜಾಗ ಸಿಕ್ಕಿ ಕೂತ ಹೆಣ್ಣುಮಗಳ ಕೈಚೀಲದಲ್ಲಿ ಅದು ಹಿಡಿಯುವುದು. ಖೋಲಿಯ ಒಂದೆರಡು ತಾಸಿನ ಬೆಳಕಿಗಿಂತ ಗಾಡಿಯ ಕಿಟಕಿಯ ಬೆಳಕು ಎಷ್ಟೋ ಮೇಲು.

ಮಾರಾಟದ ಮಾತೂ ಬರಬೇಕು. ಕಸೂತಿಯ ಹೆಸರಿಗೆ ಭೌಗೋಳಿಕ ಗುರುತಿನ ರಕ್ಷಣೆ ದೊರೆತು ಅದರ ಹಕ್ಕು ಕರ್ನಾಟಕದ ಕರಕುಶಲ ಅಭಿವೃದ್ಧಿ ನಿಗಮದಲ್ಲಿದೆ. ಆದರೂ ಪೇಟೆಯಲ್ಲಿ ಯಂತ್ರದ ಕಸೂತಿ, ಅಚ್ಚಿನ ಕಸೂತಿ ಧಾರಾಳ. ಅವನ್ನು ಪತ್ತೆ ಹಚ್ಚಲು ಪಾಂಡಿತ್ಯ ಬೇಡ, ಮಗುಚಿ ನೋಡಿದರೆ ಸಾಕು. ಯಂತ್ರದ್ದಾದರೆ ಹಿಂಬದಿಯಲ್ಲಿ ಬೇರೆ ಬಣ್ಣದ ಕೆಳದಾರ, ಕೆಲವೊಮ್ಮೆ ಅಂಟಿಕೊಂಡ ಕಾಗದ. ಅಚ್ಚಿನದಾದರೆ ಬರೀ ಮಸುಕು. ಕೈಕೆಲಸದ ಪುಟಗುರುತಿಗೆ ಹಿಡಿಯುವ ಹೊತ್ತನ್ನು ಲೆಕ್ಕ ಹಾಕಿ ಬೆಲೆ ಇಟ್ಟರೆ ಕೊಳ್ಳುವವರು ಪುಸ್ತಕಕ್ಕಿಂತ ಗುರುತು ತುಟ್ಟಿಯೆಂದು ನಗುವರು. ಇದರಿಂದ ಸಂಸಾರ ನಡೆದೀತೆಂಬ ಭ್ರಮೆ ನಮಗಿಲ್ಲ. ಕೊಡುಗೆಯಾಗಿ, ಪಾಠವಾಗಿ ಅದು ಉಳಿಯಬಲ್ಲದು. ಸೀರೆಯನ್ನು ಕಲಿಸಲು ಆರು ತಿಂಗಳು ಬೇಕಾದರೆ ಒಂದು ಪಟ್ಟಿಯನ್ನು ದಸರೆಯ ರಜೆಯಲ್ಲಿ ಕಲಿಸಬಹುದು. ಗವಂತಿಯ ಕಟ್ಟಳೆ ಸೀರೆಯಲ್ಲಿಯೂ ಪಟ್ಟಿಯಲ್ಲಿಯೂ ಒಂದೇ. ಇಳಿಕೆಯೆಂದು ಮೂಗು ಮುರಿಯುವವರಿಗೆ ನಮ್ಮ ಉತ್ತರ ಇದೇ.

ಆದರೆ ಒಂದು ವಿಚಾರ ನಮ್ಮನ್ನು ಬಿಡದೆ ಕಾಡುವುದು. ಪಟ್ಟಿ ಸಿದ್ಧವಾಯಿತು, ಇಡುವ ಪುಸ್ತಕ ಯಾವುದು? 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯ ಪುಸ್ತಕಗಳನ್ನು ಕಾದು ಕೂತು ಓದುತ್ತಿದ್ದ ಮನೆಗಳು ಈ ಊರಿನಲ್ಲಿದ್ದವು. ಮುಂಬಯಿಯಲ್ಲಿಯೇ ಬಾಳಿ ಬರೆದ ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಬಂದಾಗ ಅದು ನಮ್ಮ ಓಣಿಗಳ ಕಥೆಯೆಂದು ಹುಡುಕಿ ಓದಿದವರಿದ್ದರು. ಈಗ ಮಹಾನಗರಪಾಲಿಕೆಯ ಕನ್ನಡ ಶಾಲೆಗಳು ಕರಗುತ್ತ ಬಂದಿವೆ. ಮಕ್ಕಳ ಪುಸ್ತಕದ ಕಪಾಟು ಇಂಗ್ಲಿಷಿನಿಂದ ತುಂಬಿದೆ. ಕಸೂತಿ ಕಲಿಯುವ ಮಗು ‘ಮೂರು ಬಿಟ್ಟು ಒಂದು, ಮತ್ತ ಮೂರು ಬಿಟ್ಟು ಒಂದು’ ಎಂದು ಕನ್ನಡದಲ್ಲಿ ಎಣಿಸುವುದು. ಎಣಿಸಿ ಮಾಡಿದ ಪಟ್ಟಿಯನ್ನು ತಾನು ಓದುವ ಇಂಗ್ಲಿಷ್ ಕಾದಂಬರಿಯಲ್ಲಿ ಇಟ್ಟುಕೊಳ್ಳುವುದು.

ಇನ್ನೂ ಒಂದು ತೊಡಕುಂಟು. ಪಟ್ಟಿಯ ಕೆಳಗೆ ತನ್ನ ಹೆಸರು ಹೊಲಿಯಬೇಕೆಂದು ಮಗು ಹಟ ಹಿಡಿದರೆ ಇಂಗ್ಲಿಷ್ ಅಕ್ಷರ ಸರಾಗವಾಗಿ ಬರುವುದು. ನೇರ ಗೆರೆಗಳ ಆ ಅಕ್ಷರಕ್ಕೆ ಐದು ಚೌಕ ಅಗಲ, ಏಳು ಚೌಕ ಎತ್ತರ ಸಾಕು. ಕನ್ನಡದ ಅಕ್ಷರ ದುಂಡು. ಗವಂತಿಯಲ್ಲಿ ದುಂಡಗಿನದೇ ಇಲ್ಲ. ನಮ್ಮ ಲಿಪಿ ದುಂಡಾದುದು ಓಲೆಗರಿಯಿಂದ, ಕಂಠದ ಮೊನೆ ನೇರ ಎಳೆದರೆ ಗರಿ ಸೀಳುವುದರಿಂದ ಎಂದು ಲಿಪಿಯನ್ನು ಬಲ್ಲವರು ಹೇಳುವರು. ಗರಿ ನೇರ ಗೆರೆಗೆ ಅಂಜಿತು. ಬಟ್ಟೆ ನೇರ ಗೆರೆಯನ್ನೇ ಬೇಡುವುದು. ಹೀಗೆ ನಮ್ಮ ಓಲೆಗೂ ನಮ್ಮ ಸೆರಗಿಗೂ ಜಗಳ ಬಿದ್ದು, ಕನ್ನಡದ ಕಸೂತಿಯ ಮೇಲೆ ಇಂಗ್ಲಿಷಿನ ಹೆಸರು ಕೂತಿದೆ.

ಜಗಳ ಬಗೆಹರಿಯದಂಥದಲ್ಲ. ಚೌಕದ ಮೂಲೆಗಳನ್ನು ಒಂದು ಚೌಕದ ಓರೆ ಹೊಲಿಗೆಯಿಂದ ಮುರಿದರೆ ಎಂಟು ಮೂಲೆಯಾಗಿ, ಒಂದು ಮಾರು ದೂರದಿಂದ ದುಂಡಾಗಿಯೇ ಕಾಣುವುದು. ಅಕ್ಷರಕ್ಕೆ ಹನ್ನೆರಡು ಚೌಕ ಅಗಲ, ಹನ್ನೊಂದು ಚೌಕ ಎತ್ತರ ಕೊಟ್ಟರೆ ‘ಕ’ ಬರುವುದು, ‘ರ’ ಬರುವುದು, ‘ಗ’ ಎಲ್ಲಕ್ಕಿಂತ ಸುಲಭವಾಗಿ ಬರುವುದು. ತಲಕಟ್ಟಿಗೆ ಒಂದು ಓರೆ, ಒಂದು ಅಡ್ಡ. ಒತ್ತಕ್ಷರವಿದ್ದರೆ ಕೆಳಗೆ ಇನ್ನೂ ಐದು ಚೌಕ ಬಿಡಬೇಕು. 28 ಚೌಕದ ಅಗಲದಲ್ಲಿ ಎರಡು ಅಕ್ಷರ ಪಕ್ಕಪಕ್ಕ ನಿಲ್ಲುವುವು. ಉದ್ದದ ಹೆಸರನ್ನು ಸಾಲು ಸಾಲಾಗಿ ಕೆಳಗೆ ಇಳಿಸಬೇಕು, ಇಲ್ಲವೇ ಮೊದಲಕ್ಷರವೊಂದನ್ನೇ ತುಳಸಿಕಟ್ಟೆಯ ಕೆಳಗೆ ಹೊಲಿಯಬೇಕು. ಹೊಲಿಯಲು ಅದನ್ನು ಮೊದಲು ಬರೆಯಲು ತಿಳಿದಿರಬೇಕಾಗುವುದು. ‘ನನ್ನ ಅಕ್ಷರ ಯಾವುದು?’ ಎಂದು ಮಗು ಅಜ್ಜಿಯನ್ನು ಕೇಳುವ ಪ್ರಸಂಗವನ್ನು ನಾವು ಕಂಡದ್ದುಂಟು.

ಕೊನೆಗೆ ನಮ್ಮ ಭಗಿನಿಯರಲ್ಲಿ ಒಂದು ಬಿನ್ನಹ. ಟ್ರಂಕಿನ ಹಳೆಯ ಸೀರೆಯನ್ನು ಪಾತ್ರೆಯವಳಿಗೆ ಕೊಡುವ ಮೊದಲು ಅದರ ಸೆರಗಿನ ಚಿತ್ರಗಳನ್ನು ಲೆಕ್ಕದ ಚೌಕದ ಕಾಗದದ ಮೇಲೆ ಇಳಿಸಿಕೊಳ್ಳಿರಿ. ಚಂದ್ರಕಳಿಯ ಕಪ್ಪಿನ ಮೇಲೆ ಎಳೆ ಎಣಿಸುವುದು ಕಷ್ಟ; ಸೆರಗನ್ನು ಕಿಟಕಿಯ ಗಾಜಿಗೆ ಹಿಡಿದರೆ ಸೂಜಿಯ ತೂತುಗಳ ಮೂಲಕ ಬೆಳಕು ಬರುವುದು, ತೂತಿನಿಂದ ತೂತಿಗೆ ಒಂದು ಗೆರೆ ಎಳೆಯುತ್ತ ಹೋಗಬೇಕು. ಬಟ್ಟೆಯನ್ನು ಎಳೆದು ಹಿಡಿಯಬಾರದು. ಹರಿದಲ್ಲಿ ಚಿತ್ರದ ಅರ್ಧ ಹೋಗಿದ್ದರೂ ಚಿಂತೆಯಿಲ್ಲ. ಗೋಪುರ, ತೇರು, ತುಳಸಿಕಟ್ಟೆಗಳ ಎರಡೂ ಪಕ್ಕ ಒಂದೇ ಆಗಿರುವುದರಿಂದ ಉಳಿದ ಅರ್ಧದಿಂದ ಹೋದ ಅರ್ಧವನ್ನು ತುಂಬಿಕೊಳ್ಳಬಹುದು. ಆನೆ, ನವಿಲುಗಳಿಗೆ ಮಾತ್ರ ಹಾಗಾಗದು. ಅವನ್ನು ಮೊದಲು ಇಳಿಸಿಕೊಳ್ಳಿರಿ.